ಖಾಲಿ ತರಬಾರದ ಸೀಸೆ

ಸೋಮವಾರ ಬೆಳಿಗ್ಗೆ ಸಲ್ಕಿನಾಯ್ ಸೀಸೆ ತೊಳೆಯುವ ಷೆಡ್ಡಿಗೆ ಬಂದಾಗ, ಬಾಗಿಲಲ್ಲಿ ಪೇರಿಸಿಟ್ಟ ಕ್ರೇಟುಗಳಿಗಿಂತ ಮೊದಲು ಅವುಗಳ ವಾಸನೆ ಅವಳನ್ನು ಎದುರುಗೊಂಡಿತು. ಐರಾನ್ ಎಂಬ ಹುಳಿಮೊಸರಿನದು ಮೊದಲು, ಅದರ ಬೆನ್ನಿಗೇ ಬೆಳ್ಳುಳ್ಳಿ ಉಪ್ಪಿನಕಾಯಿಯದು, ಕೊನೆಗೆ ಕುರಿಯ ಬಾಲದ ಕೊಬ್ಬಿನದು. ಊರಿನವರು ಸೀಸೆಗಳನ್ನು ನಿಯತ್ತಾಗಿ ಹಿಂದಿರುಗಿಸಿದ್ದರು. ಒಂದೂ ಒಡೆದಿರಲಿಲ್ಲ, ಒಂದೂ ಕಳೆದಿರಲಿಲ್ಲ. ಒಂದೂ ಖಾಲಿ ಇರಲಿಲ್ಲ, ಅಷ್ಟೇ.

ಮಳೆ ಬಿದ್ದರೆ ಸಾಕು, ಕಿಝಿಲ್-ಬುಲಾಕ್ ಊರಿನ ನಲ್ಲಿಯಲ್ಲಿ ನೀರಿನ ಜೊತೆ ಅರ್ಧ ಬೆಟ್ಟವೂ ಬರುತ್ತದೆ. ಹಾಗಾಗಿ ಊರೆಲ್ಲ ಕಾಚ್ಕಿನನ ಅಂಗಡಿಯಿಂದ ಪ್ಲಾಸ್ಟಿಕ್ ಬಾಟಲಿಯ ನೀರು ತಂದು ಕುಡಿಯುವುದು, ಬಾಟಲಿಯನ್ನು ಗಾಳಿಗೆ ಒಪ್ಪಿಸುವುದು, ಗಾಳಿ ಅದನ್ನು ಇಸಿಕ್-ಕುಲ್ ಸರೋವರದ ದಡ ಮುಟ್ಟಿಸುವುದು ರೂಢಿಯಾಗಿತ್ತು. ಬೇಸಿಗೆಯಲ್ಲಿ ಈಜಲು ಬಂದವರು ಮೊದಲು ಬಾಟಲಿಗಳ ನಡುವೆ ಈಜಿ ಆಮೇಲೆ ನೀರು ಕಾಣಬೇಕಿತ್ತು. ಇದನ್ನು ನೋಡಲಾರದೆ ಪರಿಸರದ ಸಂಸ್ಥೆಯೊಂದು ಕಳೆದ ವಸಂತದಲ್ಲಿ ಬಂದು, ಪಾಳುಬಿದ್ದಿದ್ದ ಹಾಲಿನ ಡೈರಿಯ ಷೆಡ್ಡಿಗೆ ಕಲ್ಲಿದ್ದಲ ಬಾಯ್ಲರ್ ಕೂರಿಸಿ, ಲಾರಿ ತುಂಬ ಗಾಜಿನ ಸೀಸೆ ಇಳಿಸಿಹೋಯಿತು. ಬೆಟ್ಟದ ಬುಗ್ಗೆಯ ನೀರು ತುಂಬಿಸಿ ಮನೆಮನೆಗೆ ಕೊಡುವುದು, ಕುಡಿದವರು ಸೀಸೆ ವಾಪಸು ತರುವುದು, ತೊಳೆದು ಮತ್ತೆ ತುಂಬಿಸುವುದು. ಯೋಜನೆ ಇಷ್ಟೇ, ಮಗುವಿಗೂ ಅರ್ಥವಾಗುವಂಥದು. ಅದರ ಉಸ್ತುವಾರಿ ಸಲ್ಕಿನಾಯಳಿಗೆ ಸಿಕ್ಕಿತ್ತು.

ಸಿಕ್ಕಿತ್ತು ಎಂದರೆ ಸುಮ್ಮನೆ ಸಿಕ್ಕಿದ್ದಲ್ಲ. ಮದುವೆಯಾಗಿ ಬಂದಾಗಿನಿಂದ ಇಪ್ಪತ್ತು ವರ್ಷ ಅವಳು ಅತ್ತೆಮನೆಯಲ್ಲಿ ನೀರು ಕುದಿಸುವ ಸಮೊವಾರಿನ ಪಕ್ಕ ಕೂತು ಚಹಾ ಬಗ್ಗಿಸಿದವಳು. ಬಂದವರಿಗೆ ಚಹಾ, ಹೋಗುವವರಿಗೆ ಚಹಾ, ಬರಲೋ ಬೇಡವೋ ಎಂದು ಗೇಟಿನಲ್ಲಿ ನಿಂತವರಿಗೂ ಚಹಾ. ಗಂಡ ಸೊವೆತ್‌ಬೆಕ್ ಬೇಸಿಗೆಯಿಡೀ ಕುದುರೆಗಳ ಜೊತೆ ಮೇಲಿನ ಹುಲ್ಲುಗಾವಲಿನಲ್ಲಿರುವ ಮನುಷ್ಯ, ಅವನಿಗೆ ಹೆಂಡತಿಗಿಂತ ಹೇಷಾರವದ ಪರಿಚಯ ಹೆಚ್ಚು. ಷೆಡ್ಡಿನ ಬೀಗದ ಕೈ ಸೊಂಟಕ್ಕೆ ಸಿಕ್ಕಿಸಿಕೊಂಡ ದಿನ ಸಲ್ಕಿನಾಯ್ ರಸ್ತೆಯಲ್ಲಿ ಬೇಕೆಂದೇ ಸುತ್ತುದಾರಿ ಹಿಡಿದು ಮನೆಗೆ ಬಂದಿದ್ದಳು, ನಾಲ್ಕು ಜನರ ಕಣ್ಣಿಗೆ ಬೀಳಲಿ ಎಂದು.

ಅತ್ತೆ ಬುರುಲ್ಚಾಗೆ ಇದು ಹಿಡಿಸಲಿಲ್ಲ.

"ಊರವರ ಎಂಜಲು ಸೀಸೆ ತೊಳೆಯೋಕೆ ಹೋಗ್ತಾಳಂತೆ ನನ್ನ ಸೊಸೆ. ಮನೇಲಿ ಚಹಾದ ಪಿಯಾಲೆ ತೊಳೆಯೋಕೆ ಜನ ಇಲ್ಲ," ಎಂದು ಮುದುಕಿ ಗೋಡೆಗೆ ಹೇಳಿದಳು. ಸೊಸೆಗೆ ಹೇಳಬೇಕಾದ್ದನ್ನೆಲ್ಲ ಅವಳು ಗೋಡೆಗೇ ಹೇಳುವುದು. ಗೋಡೆ ತಿರುಗಿ ಮಾತಾಡುವುದಿಲ್ಲ, ಸೊಸೆಯೂ ಮಾತಾಡುತ್ತಿರಲಿಲ್ಲ.

ಈಗ ಸಂಸ್ಥೆಯ ಪರೀಕ್ಷಕನೊಬ್ಬ ಶುಕ್ರವಾರ ಬಿಷ್ಕೆಕ್‌ನಿಂದ ಬರುವವನಿದ್ದ. ಸೀಸೆ ಯೋಜನೆಯಿಂದ ಪರಿಸರಕ್ಕೆ ನಿಜವಾಗಿ ಉಪಕಾರವಾಗಿದೆಯೇ ಎಂದು ಅವನು ಅಳೆದು ನೋಡುತ್ತಾನಂತೆ. ಆಗಿದ್ದರೆ ಷೆಡ್ಡು ಉಳಿಯುತ್ತದೆ, ಇಲ್ಲದಿದ್ದರೆ ಬಾಯ್ಲರ್ ಕಿತ್ತುಕೊಂಡು ಹೋಗುತ್ತಾರೆ, ಸಲ್ಕಿನಾಯ್ ಸಮೊವಾರಿನ ಪಕ್ಕಕ್ಕೆ ವಾಪಸು. ಈ ಸಲ ಕೂತರೆ ಸಾಯುವತನಕ ಏಳುವಂತಿಲ್ಲ ಎಂದು ಅವಳಿಗೆ ಗೊತ್ತಿತ್ತು.

ತಪ್ಪು ಎಲ್ಲಿ ಆಯಿತು ಎನ್ನುವುದೂ ಗೊತ್ತಿತ್ತು. ಮೊದಲ ದಿನ ಊರನ್ನೆಲ್ಲ ಕೂಡಿಸಿ ಸೀಸೆ ಹಂಚುವಾಗ "ಕುಡಿದು ಖಾಲಿ ಸೀಸೆ ತಂದುಕೊಡಿ" ಎಂದು ಅವಳು ಹೇಳಬೇಕಿತ್ತು. ಸಂಸ್ಥೆಯವರು ಹಾಗೇ ಹೇಳಿಕೊಟ್ಟಿದ್ದರು. ಆದರೆ ಎದುರಿಗೆ ಬಿಳಿಗಡ್ಡದ ಹಿರಿಯರು, ತಲೆವಸ್ತ್ರದ ಅಜ್ಜಿಯರು. ಯಾರದಾದರೂ ಪಾತ್ರೆ ಮನೆಗೆ ಬಂದರೆ ಅದನ್ನು ಖಾಲಿ ಹಿಂದಿರುಗಿಸುವ ಮನೆ ಆ ಊರಲ್ಲಿಲ್ಲ. ಬಟ್ಟಲು ಕೊಟ್ಟವರಿಗೆ ಬಟ್ಟಲಲ್ಲಿ ಏನಾದರೂ ಹಾಕಿಯೇ ಕೊಡಬೇಕು, ಖಾಲಿ ಕೊಟ್ಟರೆ ಎರಡೂ ಮನೆಯ ಬರಕತ್ತು ಹೋಗುತ್ತದೆ. ಖಾಲಿ ತನ್ನಿ ಎಂದು ಹಿರಿಯರ ಮುಖಕ್ಕೆ ಹೇಳುವುದೂ ನಿಮ್ಮ ಮನೆ ಖಾಲಿಯಾಗಲಿ ಎಂದು ಶಪಿಸುವುದೂ ಒಂದೇ. ಇಪ್ಪತ್ತು ವರ್ಷ ಮಾವನ ಹೆಸರನ್ನೇ ಬಾಯಲ್ಲಿ ಎತ್ತದ ಸೊಸೆ ಆ ಮಾತನ್ನು ಎಲ್ಲಿಂದ ತಂದಾಳು? ಅವಳು ಮಾತನ್ನು ನುಂಗಿಕೊಂಡು, "ಕುಡಿದ ಮೇಲೆ ಸೀಸೆ ವಾಪಸು ಕೊಡಿ" ಎಂದಷ್ಟೇ ಹೇಳಿ ಕೂತಳು.

ವಾಪಸು ಕೊಡುವುದು ಹೇಗೆಂದು ಕಿಝಿಲ್-ಬುಲಾಕಿಗೆ ಯಾರೂ ಕಲಿಸಬೇಕಾಗಿಲ್ಲ. ಹಸುವಿದ್ದವರು ಐರಾನ್ ತುಂಬಿದರು, ಕುದುರೆಯಿದ್ದವರು ಕುದುರೆಹಾಲು ಹುಳಿಸಿದ ಅಮಲಿನ ಕಿಮಿಜ್ ತುಂಬಿದರು, ತೋಟವಿದ್ದವರು ಜರ್ದಾಲು ಹಣ್ಣಿನ ಜಾಮ್ ತುಂಬಿದರು. ಒಬ್ಬರು ತುಂಬಿದ್ದು ಪಕ್ಕದವರಿಗೆ ತಿಳಿದ ಮೇಲೆ ಪೈಪೋಟಿ ಬೇರೆ ಶುರುವಾಯಿತು. ಐರಾನ್ ಕೊಟ್ಟವರ ಎದುರು ಬೆಣ್ಣೆ ಕಾಯಿಸಿ ಕೊಟ್ಟವರು ತಲೆಯೆತ್ತಿ ನಡೆದರು.

ಕೈ ಕೆಸರಾದರೆ ಬಾಯಿ ಮೊಸರು ಎನ್ನುತ್ತಾರೆ. ಸಲ್ಕಿನಾಯಳದು ಕೈಯೂ ಮೊಸರು, ಮೊಣಕೈಯೂ ಮೊಸರು. ನೀರು ಕುಡಿದ ಸೀಸೆಯನ್ನು ಒಮ್ಮೆ ಜಾಲಿಸಿದರೆ ಮುಗಿಯಿತು, ತುಪ್ಪ ಕೂತ ಸೀಸೆಯನ್ನು ಸೋಡಾ ಹಾಕಿ ಕುದಿನೀರಲ್ಲಿ ಮೂರು ಸಲ ತೊಳೆದರೂ ಜಿಡ್ಡು ಬಿಡುವುದಿಲ್ಲ. ಬಾಯ್ಲರ್ ಬೆಳಗಿನಿಂದ ಸಂಜೆಯವರೆಗೆ ಕಲ್ಲಿದ್ದಲು ತಿನ್ನುತ್ತಿತ್ತು. ಪರಿಸರ ಉಳಿಸುವ ಷೆಡ್ಡಿನ ಚಿಮಣಿಯಿಂದ ಹೊರಟ ಹೊಗೆಗೆ ಪಕ್ಕದ ಅಂಗಳದಲ್ಲಿ ಒಣಗಲು ಹಾಕಿದ ಬಿಳಿ ಹಾಸಿಗೆವಸ್ತ್ರ ಬೂದಿಬಣ್ಣಕ್ಕೆ ತಿರುಗಿತು. ಸೀಸೆಯೊಳಗಿನದನ್ನು ಚೆಲ್ಲುವಂತೆಯೂ ಇಲ್ಲ, ಅನ್ನ ಚೆಲ್ಲಿದರೆ ಪಾಪ. ಬಕೆಟ್ಟುಗಳಿಗೆ ಸುರಿದುಕೊಂಡು ದಿನಾ ಮನೆಗೆ ಹೊರುತ್ತಿದ್ದಳು. ಮನೆಯ ನಾಯಿ ಕಿಮಿಜ್ ಕುಡಿದು ಕಳ್ಳರನ್ನು ಬಾಲ ಅಲ್ಲಾಡಿಸಿ ಸ್ವಾಗತಿಸುವ ಮಟ್ಟಕ್ಕೆ ಬಂದಿತ್ತು.

"ನೀರು ಮಾರೋಕೆ ಹೋದೋಳು ಮೊಸರು ಹೊತ್ಕೊಂಡು ಬರ್ತಾಳೆ," ಎಂದು ಬುರುಲ್ಚಾ ಗೋಡೆಗೆ ಹೇಳಿದಳು. "ನಾಳೆ ಕುರಿ ಹೊತ್ಕೊಂಡು ಬಂದರೂ ಬಂದಾಳು."

ಇಷ್ಟಾದರೂ ದಡದಲ್ಲಿ ಪ್ಲಾಸ್ಟಿಕ್ ಕಡಿಮೆಯಾಗಿರಬೇಕಲ್ಲ ಎಂದು ಅವಳು ಸಮಾಧಾನ ಮಾಡಿಕೊಂಡಿದ್ದಳು. ಬುಧವಾರ ಸೋಡಾಪುಡಿ ತರಲು ಅಂಗಡಿಗೆ ಹೋದಾಗ ಆ ಸಮಾಧಾನಕ್ಕೂ ಕಲ್ಲು ಬಿತ್ತು. ಕಾಚ್ಕಿನ್ ಅವಳನ್ನು ಕಂಡವನೇ ಎದ್ದು ಬಂದು, ಎರಡೂ ಕೈಯಲ್ಲಿ ಅವಳ ಕೈ ಹಿಡಿದುಕೊಂಡ. ಯೋಜನೆ ಶುರುವಾದಾಗ ಇದೇ ಕಾಚ್ಕಿನ್ ತನ್ನ ನೀರಿನ ವ್ಯಾಪಾರ ಮುಳುಗಿತೆಂದು ಬೀದಿಯಲ್ಲಿ ನಿಂತು ಬೈದಿದ್ದ.

"ಎಜೆ, ನನ್ನಕ್ಕಾ, ನಿನ್ನ ಉಪಕಾರ ಮರೆಯಲ್ಲ. ನೀರು ಹೋದರೆ ಹೋಯ್ತು ಬಿಡು, ನಿಂಬೆ ಶರಬತ್ತು ಹೋಗ್ತಿರೋ ವೇಗ ನೋಡಿದರೆ ಅಂಗಡೀನೇ ದೊಡ್ಡದು ಮಾಡಬೇಕು."

ಯಾರು ಕೊಳ್ಳುತ್ತಿದ್ದಾರೆ ಎಂದು ಕೇಳಿದಳು. ಅವನು ಬೊಟ್ಟು ಮಾಡಿದ ಕಡೆ ವಿಧವೆ ಉಮ್ಸುನ್ ನಡೆದುಹೋಗುತ್ತಿದ್ದಳು, ಕಂಕುಳಲ್ಲಿ ಹಸಿರು ಶರಬತ್ತಿನ ದೊಡ್ಡ ಪ್ಲಾಸ್ಟಿಕ್ ಬಾಟಲಿ. ಸಲ್ಕಿನಾಯ್ ಹಿಂದೆ ಓಡಿ ಅವಳನ್ನು ಹಿಡಿದಳು. ಉಮ್ಸುನ್ ಮೊದಲು ಮೊಮ್ಮಕ್ಕಳಿಗೆ ಎಂದಳು. ಅವಳಿಗೆ ಮೊಮ್ಮಕ್ಕಳಿಲ್ಲ ಎಂಬುದು ಇಬ್ಬರಿಗೂ ಒಟ್ಟಿಗೇ ನೆನಪಾಯಿತು.

"ಏನ್ ಮಾಡ್ಲಮ್ಮ," ಎಂದಳು ಉಮ್ಸುನ್ ತಲೆ ತಗ್ಗಿಸಿ. "ಎಲ್ಲರ ಮನೇಲೂ ಹಸು ಇದೆ. ನನ್ನ ಹತ್ರ ಏನಿದೆ? ಸೀಸೆ ಬರೀದಾಗಿ ಹೇಗೆ ತರಲಿ? ಇದನ್ನ ಬಗ್ಗಿಸಿ ಕೊಡ್ತೀನಿ. ಬಣ್ಣನಾದ್ರೂ ಚೆನ್ನಾಗಿರತ್ತೆ."

ಪ್ಲಾಸ್ಟಿಕ್ ಬಾಟಲಿ ಕೊಂಡು, ಅದರಲ್ಲಿದ್ದದ್ದನ್ನು ಗಾಜಿನ ಸೀಸೆಗೆ ಬಗ್ಗಿಸಿ, ಪ್ಲಾಸ್ಟಿಕ್ಕನ್ನು ಗಾಳಿಗೆ ಒಪ್ಪಿಸಿ, ಗಾಜನ್ನು ಮರ್ಯಾದೆಯಾಗಿ ಹಿಂದಿರುಗಿಸುವುದು. ಹಸುವಿಲ್ಲದ ಅರ್ಧ ಊರು ಇದನ್ನೇ ಮಾಡುತ್ತಿತ್ತು. ಸಲ್ಕಿನಾಯ್ ದಡಕ್ಕೆ ಹೋಗಿ ನೋಡಿದಳು. ಮೊದಲು ಬಿಳಿ ಬಾಟಲಿಗಳು ಇರುತ್ತಿದ್ದವು, ಈಗ ಹಸಿರು. ಒಂದು ರೀತಿಯಲ್ಲಿ ಊರು ಹಸಿರಾಗಿತ್ತು. ನಗಬೇಕೋ ಅಳಬೇಕೋ ತಿಳಿಯದೆ ಅವಳು ಅಲ್ಲೇ ಕೂತು ಸ್ವಲ್ಪ ಹೊತ್ತು ಅತ್ತಳು. ಉಮ್ಸುನಳ ತಗ್ಗಿದ ತಲೆ ನೆನೆದು ಇನ್ನಷ್ಟು ಅಳು ಬಂತು, ತಾನು ನುಂಗಿದ ಒಂದು ಮಾತಿಗೆ ಆ ಬಡವಿ ಶರಬತ್ತು ಕೊಳ್ಳಬೇಕಾಯಿತಲ್ಲ ಎಂದು.

ಶುಕ್ರವಾರ ಪರೀಕ್ಷಕ ಬಂದ. ಮೆಡೆರ್ ಎಂದು ಹೆಸರು, ತೆಳ್ಳಗಿನ ಯುವಕ, ಚೀಲದಿಂದ ಇಣುಕುವ ಸ್ಟೀಲಿನ ನೀರಿನ ಬಾಟಲಿ. ಅದು ಚೆನ್ನಾಗಿದೆ ಎಂದು ಸಲ್ಕಿನಾಯ್ ಉಪಚಾರಕ್ಕೆ ಹೇಳಿದಾಗ ಅವನು ನಾಚಿಕೊಂಡು, ಪರಿಸರದ ಪ್ರತಿ ಸಭೆಯಲ್ಲೂ ಇಂಥದ್ದೊಂದು ಕೊಡುತ್ತಾರೆ, ಮನೆಯಲ್ಲಿ ಒಂದು ಬೀರು ತುಂಬ ಇದೆ, ಬೇಕಾದರೆ ಇಟ್ಟುಕೊಳ್ಳಿ ಎಂದ. ಒಳ್ಳೆಯ ಹುಡುಗ, ಅದೇ ಕಷ್ಟ. ಕೆಟ್ಟವನಾಗಿದ್ದರೆ ಮೋಸ ಮಾಡುವಾಗ ಮನಸ್ಸು ಚುಚ್ಚುತ್ತಿರಲಿಲ್ಲ.

ಏಕೆಂದರೆ ಅವಳು ಮೋಸದ ಏರ್ಪಾಡು ಮಾಡಿದ್ದಳು. ಊರವರು ತುಂಬಿ ಕೊಟ್ಟ ಸೀಸೆಗಳನ್ನೆಲ್ಲ ಹಿಂದಿನ ಕೋಣೆಗೆ ಸಾಗಿಸಿ, ತೊಳೆದು ಬುಗ್ಗೆಯ ನೀರು ತುಂಬಿಸಿದ ಹೊಳೆಯುವ ಸೀಸೆಗಳನ್ನು ಮುಂದೆ ಜೋಡಿಸಿ, ಬಾಯ್ಲರಿನ ಬೆಂಕಿ ತಗ್ಗಿಸಿದ್ದಳು. ಮೆಡೆರ್ ಕಲ್ಲಿದ್ದಲ ಗುಡ್ಡೆಯನ್ನು ನೋಡಿದ, ಚಿಮಣಿಯನ್ನು ನೋಡಿದ, ಹೂಂಗುಟ್ಟಿದ. ಆಮೇಲೆ ಬಿಸಿಲಲ್ಲಿ ಬಂದ ದಣಿವಿಗೆ, ಯಾರನ್ನೂ ಕೇಳದೆ, ಸರಿಯಾಗಿ ನೋಡದೆ, ಕ್ರೇಟಿನ ತುದಿಯಲ್ಲಿದ್ದ ಒಂದು ಸೀಸೆಯ ಮುಚ್ಚಳ ತೆಗೆದು ಬಾಯಿಗೆ ಬಗ್ಗಿಸಿದ. ಏನೂ ಬರಲಿಲ್ಲ. ಇನ್ನೂ ಬಗ್ಗಿಸಿದ. ತಲೆ ಹಿಂದಕ್ಕೆ ಬಾಗಿ ಟೋಪಿ ಬಿತ್ತು, ನೀರು ಮಾತ್ರ ಬೀಳಲಿಲ್ಲ.

"ಎಜೆ, ಈ ನೀರು ಯಾಕೆ ಇಳೀತಿಲ್ಲ?"

ಅದು ಹಿರಿಯ ಜುಮಾಶನ ಮನೆಯ ಸೀಸೆ, ಕತ್ತಿನವರೆಗೆ ಹೆಪ್ಪುಗಟ್ಟಿದ ಕುರಿಕೊಬ್ಬು. ಅವಸರದಲ್ಲಿ ಒಂದು ಉಳಿದುಹೋಗಿತ್ತು. ಸುಳ್ಳಿನ ಗಂಟು ಎಲ್ಲಾದರೂ ಒಂದು ಕಡೆ ಬಿಚ್ಚುತ್ತದೆ, ಇಲ್ಲಿ ಬಿಚ್ಚಿದ್ದು ಕುರಿಯ ಬಾಲದಿಂದ. ಸಲ್ಕಿನಾಯ್ ಹಿಂದಿನ ಕೋಣೆಯ ಬಾಗಿಲು ತೆರೆದು ತೋರಿಸಿದಳು, ಮೊದಲಿನಿಂದ ಕೊನೆಯವರೆಗೂ ಎಲ್ಲ ಹೇಳಿದಳು, ಶರಬತ್ತಿನದನ್ನೂ ಬಿಡಲಿಲ್ಲ.

ಮೆಡೆರ್ ಒಂದು ಕ್ರೇಟಿನ ಮೇಲೆ ಕೂತು ಬಹಳ ಹೊತ್ತು ಲೆಕ್ಕ ಹಾಕಿದ.

"ಗಾಜಿನ ಸೀಸೆ ಅಂದ ತಕ್ಷಣ ಒಳ್ಳೇದು ಅಂತ ಏನೂ ಇಲ್ಲ ಎಜೆ," ಎಂದ ಕೊನೆಗೆ. "ಅದನ್ನ ಮಾಡೋಕೆ ಬೆಂಕಿ ಬೇಕು, ತರೋಕೆ ಲಾರಿ ಬೇಕು. ಮತ್ತೆ ಮತ್ತೆ ಹೋಗಿ ಬಂದರೆ ಮಾತ್ರ ಆ ಸಾಲ ತೀರತ್ತೆ, ಅದೂ ಸುಲಭವಾಗಿ ತೊಳೆದರೆ. ನೀವು ಒಂದೊಂದು ಸೀಸೆಗೂ ಒಂದೊಂದು ಸಲ ಸ್ನಾನದ ಹಂಡೆ ಕಾಯಿಸ್ತಿದ್ದೀರಿ. ಈಗಿರೋ ಹಾಗೆ ಬರೆದರೆ, ಕಾಚ್ಕಿನ್ ಅಣ್ಣನ ಪ್ಲಾಸ್ಟಿಕ್ಕೇ ವಾಸಿ ಅಂತ ಬರೀಬೇಕಾಗತ್ತೆ."

ಅವಳ ಮುಖ ನೋಡಿ ಅವನಿಗೇ ಕೆಡುಕೆನಿಸಿರಬೇಕು. ಸಂಜೆ ಊರವರನ್ನು ಕೂಡಿಸಿ, ನೀವೇ ಅವರಿಗೆ ಸರಿಯಾಗಿ ಹೇಳಿ, ಅವರು ಒಪ್ಪಿದರೆ ಶರತ್ಕಾಲದವರೆಗೆ ಸಮಯ ಕೊಡುತ್ತೇನೆ ಎಂದ. ಏನು ಹೇಳಬೇಕು ಎಂಬುದು ಇಬ್ಬರಿಗೂ ಗೊತ್ತಿತ್ತು. ಒಂದೇ ಒಂದು ಮಾತು.

ಊರಿನ ಸಭಾಭವನ ತುಂಬಿತು. ಮೊದಲ ಸಾಲಿನಲ್ಲಿ ಹಿರಿಯರು, ಅವರ ನಡುವೆ ಬುರುಲ್ಚಾ, ಬಿಳಿ ತಲೆವಸ್ತ್ರ ಗಟ್ಟಿಯಾಗಿ ಬಿಗಿದುಕೊಂಡು. ಯೋಜನೆ ನಿಂತರೆ ಸೊಸೆ ಮನೆಗೆ ವಾಪಸು ಬರುತ್ತಾಳೆ ಎನ್ನುವುದು ಮುದುಕಿಗೆ ತಿಳಿಯದ ವಿಷಯವಲ್ಲ. ಸಮೊವಾರಿನ ಪಕ್ಕದ ಚಾಪೆಯನ್ನು ಅವಳು ಬೆಳಿಗ್ಗೆಯೇ ಕೊಡವಿ ಹಾಸಿಟ್ಟು ಬಂದಿದ್ದಳು, ಅದನ್ನು ಸಲ್ಕಿನಾಯ್ ನೋಡಿದ್ದಳು.

ಸಲ್ಕಿನಾಯ್ ಎದ್ದು ನಿಂತಳು. ಬುಗ್ಗೆಯ ಬಗ್ಗೆ ಹೇಳಿದಳು, ದಡದ ಬಗ್ಗೆ ಹೇಳಿದಳು, ಬಾಯ್ಲರಿನ ಬಗ್ಗೆ ಹೇಳಿದಳು, ಬೆಕ್ಕು ಹಾಲಿನ ಸುತ್ತ ಸುತ್ತಿದಂತೆ ಆ ಮಾತಿನ ಸುತ್ತ ಸುತ್ತಿದಳು. ಹಿರಿಯ ಜುಮಾಶ್ ಆಕಳಿಸಿದ. ಹಿಂದಿನ ಸಾಲಿನಲ್ಲಿ ಉಮ್ಸುನ್ ಕಂಡಳು, ಯಾರೋ ತನ್ನನ್ನೇ ಎಬ್ಬಿಸಿ ನಿಲ್ಲಿಸುತ್ತಾರೇನೋ ಎಂಬಂತೆ ಮುದುರಿ ಕೂತಿದ್ದಳು. ಅವಳನ್ನು ನೋಡಿದ ಮೇಲೆ ಸಲ್ಕಿನಾಯಳ ಬಾಯಿ ತಾನಾಗಿ ಬಿಟ್ಟಿತು.

"ಸೀಸೆನ ಖಾಲಿ ತನ್ನಿ," ಎಂದಳು. "ದಯವಿಟ್ಟು ಖಾಲಿ ತನ್ನಿ."

ಒಬ್ಬ ಅಜ್ಜಿ ಅಪಶಕುನ ತಟ್ಟದಿರಲೆಂದು ಕುಪ್ಪಸದ ಕೊರಳು ಹಿಡಿದು ಮೂರು ಸಲ ಉಗುಳಿದಳು. ಜುಮಾಶನ ಆಕಳಿಕೆ ಅರ್ಧಕ್ಕೇ ನಿಂತಿತು.

"ಏನಂದಳು ಇವಳು?" ಎಂದ ಅವನು. "ನಮ್ಮ ಕೈಯಲ್ಲಿ ಖಾಲಿ ಪಾತ್ರೆ ಹಿಡಿಸ್ತಾಳಾ? ಯಾರ ಮನೆ ಸೊಸೆ ಇವಳು, ಹಿರಿಯರ ಮುಂದೆ ಹೀಗೆ ಬಾಯಿ ಬಿಡೋದು?"

"ನನ್ನ ಮನೆ ಸೊಸೆ," ಎಂದಿತು ಒಂದು ದನಿ.

ಬುರುಲ್ಚಾ ಮೊಣಕಾಲು ಹಿಡಿದುಕೊಂಡು ಎದ್ದಳು. ಸೊಸೆಯನ್ನು ಬೈಯುವ ಹಕ್ಕು ಇಪ್ಪತ್ತು ವರ್ಷದಿಂದ ಅವಳೊಬ್ಬಳ ಸ್ವತ್ತು. ಅದಕ್ಕೆ ಇನ್ನೊಬ್ಬರು ಕೈ ಹಾಕಿದರೆ ಅವಳು ಸುಮ್ಮನಿರುವ ಪೈಕಿಯಲ್ಲ.

"ಜುಮಾಶ್, ನೀನು ಕೊಟ್ಟ ಕೊಬ್ಬು ಹಳಸಿತ್ತು. ನನ್ನ ಮನೆ ನಾಯಿ ಮೂಸಿ ನೋಡಿ ಮುಖ ತಿರುಗಿಸ್ತು. ಅದಕ್ಕಿಂತ ಖಾಲಿ ತಂದಿದ್ರೆ ನಿನ್ನ ಮರ್ಯಾದೆ ಉಳೀತಿತ್ತು."

ಭವನ ಗೊಳ್ಳೆಂದಿತು. ಮುದುಕಿ ನಗು ನಿಲ್ಲುವವರೆಗೆ ಕಾದಳು.

"ಖಾಲಿ ಪಾತ್ರೆ ಕೊಡಬಾರದು, ಸರಿ. ನಾನೂ ಕೊಡಲ್ಲ. ಆದರೆ ಪಾತ್ರೆಗೆ ಹಾಕೋದಕ್ಕೆ ಮೊಸರು ಒಂದೇನಾ ಇರೋದು? ಬಾತಾ ಹಾಕಿ, ಆಶೀರ್ವಾದ. ಕೈಯೆತ್ತಿ ಒಂದು ಒಳ್ಳೇ ಮಾತು ಸೀಸೆ ಒಳಗೆ ಹೇಳಿ, ಮುಚ್ಚಳ ತಿರುಗಿಸಿ. ನಮ್ಮಮ್ಮ ಯುದ್ಧದ ಕಾಲದಲ್ಲಿ ಮನೇಲಿ ಒಂದು ಕಾಳೂ ಇಲ್ಲದಾಗ ಪಕ್ಕದವರ ಬಟ್ಟಲನ್ನ ಹಾಗೇ ಕೊಟ್ಟಿದ್ಲು. ಯಾರ ಬರಕತ್ತೂ ಹೋಗಲಿಲ್ಲ, ನಾನು ಬದುಕಿಲ್ವಾ? ಬಾತಾ ಹಾಕೋಕೆ ಹಸು ಬೇಕಾಗಿಲ್ಲ."

ಕೊನೆಯ ಮಾತು ಹೇಳುವಾಗ ಅವಳು ಹಿಂದಿನ ಸಾಲಿನ ಕಡೆ ನೋಡಲಿಲ್ಲ. ನೋಡದೇ ಇದ್ದದ್ದು ಬೇಕೆಂದೇ. ಉಮ್ಸುನ್ ಬೆನ್ನು ನೆಟ್ಟಗೆ ಮಾಡಿ ಕೂತಳು.

ಹಿರಿಯರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಆಶೀರ್ವಾದ ಬೇಡವೆನ್ನಲು ಯಾವ ಹಿರಿಯನಿಗೆ ಬಾಯಿ ಬಂದೀತು? ಜುಮಾಶ್ ಗಡ್ಡ ನೀವಿಕೊಂಡು, ತಾನೂ ಅದನ್ನೇ ಹೇಳಬೇಕೆಂದಿದ್ದೆ ಎಂದ. ಮೆಡೆರ್ ಮಾತ್ರ ಪಕ್ಕದಲ್ಲಿ ನಿಂತವಳನ್ನು ಮೆಲ್ಲಗೆ ಕೇಳಿದ, ಬಾತಾ ತುಂಬಿದ ಸೀಸೆಯನ್ನು ಎಷ್ಟು ಸಲ ತೊಳೆಯಬೇಕಾಗುತ್ತದೆ ಎಂದು. ಒಂದೇ ಸಲ, ಉಗುರುಬೆಚ್ಚಗಿನ ನೀರಲ್ಲಿ, ಎಂದಳು ಸಲ್ಕಿನಾಯ್. ಅವನು ಶರತ್ಕಾಲದವರೆಗೆ ಸಮಯ ಕೊಟ್ಟ.

ಮುಂದಿನ ವಾರದಿಂದ ಷೆಡ್ಡಿನ ಮುಂದೆ ಸಾಲು. ಒಬ್ಬೊಬ್ಬರೂ ಸೀಸೆಯ ಬಾಯಿಗೆ ಬಾಯಿ ತಂದು ಪಿಸುಗುಟ್ಟಿ, ಅಂಗೈಗಳಿಂದ ಮುಖ ಸವರಿಕೊಂಡು, ಮುಚ್ಚಳ ಬಿಗಿದು ಕೊಡುವುದು. ಉಮ್ಸುನ್ ಸತ್ತ ಗಂಡನಿಂದ ಶುರುಮಾಡಿ ಊರಿನ ಕೊನೆಯ ಕರುವಿನವರೆಗೆ ಹರಸುತ್ತಿದ್ದುದರಿಂದ ಅವಳ ಹಿಂದೆ ನಿಂತವರ ಕಾಲು ನೋಯುತ್ತಿತ್ತು, ಆದರೂ ಅವಳನ್ನು ಅವಸರ ಮಾಡಲು ಯಾರೂ ಹೋಗಲಿಲ್ಲ. ಹುಲ್ಲು ಒಣಗುವತನಕ ಮಳೆ ಬೇಡ ಎಂದು ಒಬ್ಬ, ಆಲೂಗಡ್ಡೆಗೆ ಮಳೆ ಬೇಕು ಎಂದು ಇನ್ನೊಬ್ಬ, ಎರಡೂ ಬಾತಾಗಳು ಒಂದೇ ಕ್ರೇಟಿನಲ್ಲಿ ಪಕ್ಕಪಕ್ಕ ಕೂತವು. ಎತ್ತು ಏರಿಗೆ, ಕೋಣ ನೀರಿಗೆ. ಕಾಚ್ಕಿನ್ ಕೂಡ ಒಂದು ಸೀಸೆ ತಂದ, ತನ್ನ ವ್ಯಾಪಾರ ಹೆಚ್ಚಲಿ ಎಂದು ಗಟ್ಟಿಯಾಗಿಯೇ ಹರಸಿಕೊಂಡ. ಆ ಸೀಸೆಯನ್ನು ಸಲ್ಕಿನಾಯ್ ಎರಡು ಸಲ ತೊಳೆದಳು.

ಚಿಮಣಿಯ ಹೊಗೆ ತೆಳುವಾಯಿತು. ದಡದಲ್ಲಿ ಇನ್ನೂ ಪ್ಲಾಸ್ಟಿಕ್ ಬೀಳುತ್ತಿತ್ತು, ಮೊದಲಿನಷ್ಟಲ್ಲ. ಶರತ್ಕಾಲದಲ್ಲಿ ಮೆಡೆರ್ ಬಂದು ಏನು ಬರೆಯುತ್ತಾನೋ ಅವನಿಗೂ ಆ ಗಾಜಿಗೂ ಗೊತ್ತು.

ಒಂದು ಶನಿವಾರ ಸಲ್ಕಿನಾಯ್ ಹೊತ್ತು ಮುಳುಗುವಾಗ ಮನೆಗೆ ಬಂದಳು. ಸಮೊವಾರ್ ಕುದಿಯುತ್ತಿತ್ತು, ಚಾಪೆ ಅದರ ಪಕ್ಕದಲ್ಲೇ ಇತ್ತು. ಅವಳು ಹೊಸ್ತಿಲಲ್ಲೇ ನಿಂತಳು. ಆದರೆ ಚಾಪೆಯ ಮೇಲೆ ಬುರುಲ್ಚಾ ಕೂತಿದ್ದಳು. ಒಂದು ಪಿಯಾಲೆಗೆ ಚಹಾ ಬಗ್ಗಿಸಿ ಸೊಸೆಯ ಕಡೆ ಚಾಚಿದಳು. ಅರ್ಧಕ್ಕಿಂತ ಕಡಿಮೆ ಬಗ್ಗಿಸಿದ್ದಳು. ತುಂಬಿಸಿ ಕೊಟ್ಟರೆ ಕುಡಿದು ನಡಿ ಎಂದರ್ಥ, ಕೂತಿರಲಿ ಎಂದು ಬಯಸುವ ಅತಿಥಿಗೆ ಮಾತ್ರ ಹೀಗೆ ಸ್ವಲ್ಪ ಸ್ವಲ್ಪವೇ ಬಗ್ಗಿಸುವುದು. ಆ ಮನೆಯಲ್ಲಿ ಸಲ್ಕಿನಾಯಳಿಗೆ ಯಾರೂ ಹಾಗೆ ಬಗ್ಗಿಸಿ ಕೊಟ್ಟಿರಲಿಲ್ಲ.

ಅವಳು ಕೂತು ಕುಡಿದಳು, ಚಹಾ ಬಿಸಿಯಿತ್ತು, ಕಣ್ಣು ತುಂಬಿದ್ದು ಅದಕ್ಕೇ ಎಂದು ತೋರಿಸಿಕೊಂಡಳು. ಕುಡಿದಾದ ಮೇಲೆ ಪಿಯಾಲೆ ಹಿಂದಿರುಗಿಸಲು ಕೈ ಚಾಚಿ, ಅಲ್ಲೇ ತಡೆದಳು. ಒಳಗೆ ಏನೂ ಉಳಿದಿರಲಿಲ್ಲ. ಬಾತಾ ಹೇಳೋಣವೆಂದು ಪಿಯಾಲೆಯನ್ನು ಮತ್ತೆ ಬಾಯಿಯ ಹತ್ತಿರ ತಂದಳು.

ಈ ಸಲ ಬುರುಲ್ಚಾ ಗೋಡೆಗೆ ಹೇಳಲಿಲ್ಲ, ಅವಳ ಮುಖ ನೋಡಿಯೇ ಹೇಳಿದಳು.

"ಖಾಲಿನೇ ಕೊಡು ಮಗಳೇ. ತುಂಬಿಸೋಕೆ ನಾನಿದ್ದೀನಲ್ಲ."